ಗೀಜಗನ ಗೂಡಿಗೆ ಬಾಗಿಲು ಕೆಳಗೇಕೆ?

ಭೂಮಿ ಆಗಿನ್ನೂ ಹೊಸದು, ಕೂಸೇ. ಬಂಡೆಗಳು ಒಲೆಯಿಂದ ಈಗಷ್ಟೇ ಇಳಿಸಿದ ಹೆಂಚಿನ ಹಾಗೆ ಬೆಚ್ಚಗಿದ್ದವು. ಮರಗಳಿಗೆ ತಮ್ಮ ಹೆಸರು ತಮಗೇ ಬಾಯಿಪಾಠವಾಗಿರಲಿಲ್ಲ. ಮೋಡವನ್ನು ಯಾರೂ ಕಂಡಿರಲಿಲ್ಲ. ಮಳೆ ಅನ್ನುವ ಮಾತನ್ನೂ ಯಾರೂ ಕೇಳಿರಲಿಲ್ಲ.

ಹಕ್ಕಿಗಳಿಗೆ ಗೂಡೂ ಇರಲಿಲ್ಲ. ಹಗಲೆಲ್ಲ ಹಾರಾಡುವುದು, ಕತ್ತಲಾದರೆ ಸಿಕ್ಕಿದ ಕೊಂಬೆಯ ಮೇಲೆ ಕೂತು ಕಣ್ಣು ಮುಚ್ಚುವುದು. ಅಷ್ಟೇ ಅವುಗಳ ಸಂಸಾರ.

ಒಂದು ದಿನ ಬೆಳಗ್ಗೆ ಗಾಳಿ ಪ್ರಯಾಣಕ್ಕೆ ಹೊರಟು ನಿಂತಿತು. ಹೊಳೆದಂಡೆಯ ಮರಗಳನ್ನೆಲ್ಲ ಅಲುಗಾಡಿಸಿ ಹಕ್ಕಿಗಳನ್ನು ಕೂಗಿ ಕರೆಯಿತು.

"ನಾನು ಕಡಲಿಗೆ ಹೋಗಿ ಬರ್ತೀನಿ. ಬರುವಾಗ ಮೋಡಗಳನ್ನ ಅಟ್ಟಿಕೊಂಡು ಬರ್ತೀನಿ. ಅವು ಬಂದ್ರೆ ಮೇಲಿಂದ ನೀರು ಸುರಿಯುತ್ತೆ. ಸೂರಿಲ್ಲದ ಮೊಟ್ಟೆ ಉಳಿಯಲ್ಲ. ಅಷ್ಟರೊಳಗೆ ಎಲ್ಲರೂ ಒಂದೊಂದು ಗೂಡು ಕಟ್ಟಿಕೊಳ್ಳಿ."

"ಯಾವಾಗ ಬರ್ತೀಯ, ಗಾಳಿಯಣ್ಣ?" ಎಂದವು ಹಕ್ಕಿಗಳು.

"ಈಗ ಹೊಂಗೆ ಹೂ ಉದುರ್ತಾ ಇದೆಯಲ್ಲ? ಬೇವಿನ ಹಣ್ಣು ಹಳದಿಯಾಗೋ ಹೊತ್ತಿಗೆ ನಾನು ಬಂದೆ ಅಂತ ತಿಳ್ಕೊಳ್ಳಿ. ಆಮೇಲೆ 'ಒಂದು ಗಳಿಗೆ ತಡಿಯಣ್ಣ' ಅಂದ್ರೆ ತಡಿಯೋನಲ್ಲ ನಾನು."

ಅಷ್ಟು ಹೇಳಿ ಗಾಳಿ ಹೊರಟೇಹೋಯಿತು.

ಹೊಳೆಯ ಮೇಲೆ ಬಾಗಿದ ಒಂದು ಈಚಲ ಮರದಲ್ಲಿ ಗೀಜಗನ ಹಕ್ಕಿಗಳ ಒಂದು ಜೋಡಿ ಇತ್ತು. ಗಂಡ ಗೀಜಪ್ಪ, ಹೆಂಡತಿ ಗೀಜವ್ವ. ಗೀಜವ್ವನ ಹೊಟ್ಟೆಯಲ್ಲಿ ಮೊಟ್ಟೆ ಬೆಳೆಯುತ್ತಿತ್ತು. ಗೀಜಪ್ಪನ ಕೊಕ್ಕಿನಲ್ಲಿ ಎಂಥಾ ಕಸುಬು ಇತ್ತು ಅಂತೀಯ! ಹುಲ್ಲಿನ ಗರಿಯನ್ನು ಉದ್ದಕ್ಕೆ ಸೀಳಿ, ಅತ್ತಿಂದಿತ್ತ ತೂರಿಸಿ, ಗಂಟು ಹಾಕಿದನೆಂದರೆ ಜಗ್ಗಿದರೂ ಬಿಚ್ಚುತ್ತಿರಲಿಲ್ಲ. ಹಾಗೆ ಗಂಟು ಹಾಕುವ ಹಕ್ಕಿ ಆ ದಂಡೆಯಲ್ಲಿ ಇನ್ನೊಂದಿರಲಿಲ್ಲ.

ಅವತ್ತೇ ಕೆಲಸ ಶುರುಮಾಡಿದ. ಈಚಲ ಗರಿಯ ತುದಿಗೆ ಒಂದು ಗಂಟು. ಗಂಟಿನ ಕೆಳಗೆ ಬಳೆಯಂಥ ಒಂದು ಸುತ್ತು. ಸುತ್ತಿನ ಮೇಲೆ ಬೋರಲು ಹಾಕಿದ ಬಟ್ಟಲಿನಂಥ ಒಂದು ಮಾಡು. ಗೂಡು ಅರ್ಧವಾಯಿತು. ತಳ ಹಾಕಬೇಕು, ಬಾಗಿಲು ಇಡಬೇಕು, ಅಷ್ಟೇ ಬಾಕಿ.

ಆಗ ಪಕ್ಕದ ಪೊದೆಯಿಂದ "ಆಹಾ, ಆಹಾ!" ಅನ್ನುವ ಸದ್ದು ಕೇಳಿಸಿತು.

ಗೀಜಪ್ಪ ಬಗ್ಗಿ ನೋಡಿದ. ದರ್ಜಿ ಹಕ್ಕಿ ಎರಡು ಎಲೆ ಸೇರಿಸಿ, ಹತ್ತಿಯ ನೂಲಿನಿಂದ ಹೊಲಿದು ತೊಟ್ಟಿಲು ಮಾಡಿತ್ತು. ಸುತ್ತ ನಾಲ್ಕಾರು ಹಕ್ಕಿಗಳು ಕೂತು ಕೊಂಡಾಡುತ್ತಿದ್ದವು.

ಗೀಜಪ್ಪನ ಹೊಟ್ಟೆಯೊಳಗೆ ಚುರ್ ಅಂದಿತು.

ಹಸಿವಲ್ಲ, ಕೂಸೇ. ಹೊಟ್ಟೆಕಿಚ್ಚು. ಲೋಕ ಹುಟ್ಟಿದ ಮೇಲೆ ಅದೇ ಮೊದಲ ಸಲ ಅದು ಒಂದು ಹೊಟ್ಟೆಯಲ್ಲಿ ಹತ್ತಿಕೊಂಡದ್ದು. ಅದಕ್ಕೇ ಪಾಪ, ಅವನಿಗೆ ಅದೇನೆಂದು ಗೊತ್ತಾಗಲಿಲ್ಲ. ಕೆಲಸದ ಹುರುಪು ಅಂದುಕೊಂಡ.

"ಅವನಿಗೊಬ್ಬನಿಗೇ ನಾಜೂಕು ಬರುತ್ತಾ? ನಾನೂ ತೋರಿಸ್ತೀನಿ," ಎಂದ. ಕಟ್ಟುತ್ತಿದ್ದ ಗೂಡನ್ನು ಅಲ್ಲಿಗೇ ಬಿಟ್ಟು, ಪಕ್ಕದ ಗರಿಗೆ ಹೊಸ ಗಂಟು ಹಾಕಿದ. ಹೊಸ ಬಳೆ, ಹೊಸ ಮಾಡು. ಸಣ್ಣ ಎಳೆ, ನಾಜೂಕಿನ ನೇಯ್ಗೆ.

ಅದೂ ಅರ್ಧವಾಗುವ ಹೊತ್ತಿಗೆ ಎದುರಿನ ಮರದಲ್ಲಿ ಟಕ್ ಟಕ್ ಟಕ್. ಮರಕುಟಿಗ ಗಟ್ಟಿ ಕಾಂಡದಲ್ಲಿ ಗುಂಡಗೆ ಬಾಗಿಲು ಕೊರೆದು, ಒಳಗಿಂದ ತಲೆ ಹೊರಗೆ ಹಾಕಿ ಗತ್ತಿನಿಂದ ನೋಡುತ್ತಿತ್ತು. ಗೀಜಪ್ಪನ ಹೊಟ್ಟೆಯೊಳಗೆ ಮತ್ತೆ ಚುರ್. ಅದನ್ನೂ ಬಿಟ್ಟ. ಇನ್ನೂ ಎತ್ತರದ ಗರಿಗೆ ಮೂರನೆಯ ಗಂಟು ಬಿತ್ತು.

ಹೊಂಗೆ ಹೂ ಉದುರಿ ಮುಗಿಯಿತು. ಬೇವಿನ ಮರದಲ್ಲಿ ಹಸಿರು ಕಾಯಿ ಕಾಣಿಸಿತು. ಈಚಲ ಮರದ ತುಂಬ ಅರ್ಧ ಗೂಡುಗಳು ತೂಗಾಡುತ್ತಿದ್ದವು, ಒಂದಕ್ಕೂ ತಳವಿಲ್ಲ. ಕಿಚ್ಚು ಹೊಟ್ಟೆಯಲ್ಲಿ ಜಾಗ ಸಾಲದೆ ಗೀಜಪ್ಪನ ತಲೆಗೇರಿತು. ಅಲ್ಲಿಯವರೆಗೆ ಕಂದಾಗಿದ್ದ ಅವನ ನೆತ್ತಿ ಹಳದಿಯಾಗಿಬಿಟ್ಟಿತು.

"ಏನ್ರೀ, ನಿಮ್ಮ ತಲೆ ಯಾಕೆ ಹೀಗಾಗಿದೆ?" ಎಂದಳು ಗೀಜವ್ವ.

"ಬಿಸಿಲು ಕಣೇ, ಬಿಸಿಲು."

"ಹೋಗಲಿ ಬಿಡಿ. ನಮ್ಮ ಮನೆ ಎಲ್ಲಿಗೆ ಬಂತು?"

"ಒಂದಾ ಎರಡಾ! ಕತ್ತೆತ್ತಿ ನೋಡೇ. ಎರಡು ಅರ್ಧ ಸೇರಿದ್ರೆ ಒಂದು. ಆ ಲೆಕ್ಕದಲ್ಲಿ ಈ ದಂಡೇಲಿ ಎಲ್ಲರಿಗಿಂತ ಹೆಚ್ಚು ಮನೆ ಇರೋದು ನಮಗೇ."

ಗೀಜವ್ವ ಅವನನ್ನು ದಿಟ್ಟಿಸಿ ನೋಡಿದಳು. "ಅಲ್ಲ ಕಣ್ರೀ, ಎರಡು ಮುಚ್ಚಳ ಸೇರಿದ್ರೆ ಒಂದು ಗಡಿಗೆ ಆಗುತ್ತಾ? ನನಗೆ ದಿನ ತುಂಬ್ತಾ ಇದೆ. ನೀವು ನೋಡಿದ್ರೆ ನಮ್ಮ ಎಲೇಲಿ ಬಡಿಸಿದ್ದನ್ನ ಬಿಟ್ಟು ಪಕ್ಕದ ಎಲೆ ನೋಡ್ಕೊಂಡು ಕೂತಿದೀರಿ."

ಕೆಳಗೆ ಹೊಳೆ ನಕ್ಕಿತು. ಬೇಸಿಗೆಯಲ್ಲಿ ಸಣಕಲಾಗಿದ್ದರೂ ಅದು ಕಲ್ಲುಗಳ ನಡುವೆ ದಾರಿ ಹುಡುಕಿಕೊಂಡು ಹರಿಯುತ್ತಲೇ ಇತ್ತು.

"ನೀನು ಯಾಕೆ ನಗ್ತೀಯ?" ಗೀಜಪ್ಪ ರೇಗಿದ.

"ದಾರೀಲಿ ನನಗಿಂತ ಚೆಂದದ ಕೆರೆಗಳಿದ್ದವು, ತಾವರೆ ಇದ್ದವು, ಬಾತುಕೋಳಿ ಇದ್ದವು. ನನಗೂ ಆಸೆಯಾಯ್ತು ಗೀಜಪ್ಪಾ. ನಿಂತಿದ್ರೆ ನಾನು ಇಷ್ಟು ಹೊತ್ತಿಗೆ ಒಣಗಿ ಹೋಗ್ತಿದ್ದೆ," ಎಂದಿತು ಹೊಳೆ. ಹಾಗೆನ್ನುತ್ತಲೇ ತಿರುವು ದಾಟಿ ಮುಂದೆ ಹೋಯಿತು.

ಗೀಜಪ್ಪ ಕೊಕ್ಕು ತಿರುವಿದ. ಬುದ್ಧಿ ಹೇಳಿದರೆ ಯಾರಿಗೆ ತಾನೆ ಹಿಡಿಸುತ್ತದೆ? ನಿನಗೆ ಹಿಡಿಸುತ್ತದೆಯೇ?

ಬೇವಿನ ಕಾಯಿ ಹಣ್ಣಾಗತೊಡಗಿತು. ಒಂದು ಮಧ್ಯಾಹ್ನ ಗೀಜವ್ವ ಒಂದು ಅರ್ಧ ಗೂಡಿನ ಬಳೆಯ ಮೇಲೆ ಬಂದು ಕೂತಳು. ಅವಳಿಗೆ ಉಸಿರು ಭಾರವಾಗಿತ್ತು.

"ರೀ, ಇನ್ನು ಆಗಲ್ಲ. ಬೇಗ ಹುಲ್ಲು ತಂದು ಇದಕ್ಕೊಂದು ತಳ ಹಾಕಿ."

"ಇದೋ ತಂದೆ!" ಗೀಜಪ್ಪ ಹಾರಿದ. ನಿಜವಾಗಿಯೂ ಹುಲ್ಲಿಗೆಂದೇ ಹಾರಿದ, ಸುಳ್ಳಲ್ಲ.

ದಾರಿಯಲ್ಲಿ ಒಂದು ಬಂಡೆ ಸಿಕ್ಕಿತು. ಬಂಡೆಯ ಅಡಿಯಲ್ಲಿ ಕವಲುಬಾಲದ ಅಂಬರಗುಬ್ಬಿ ಮಣ್ಣಿನ ಗೂಡಿಗೆ ಕೊನೆಯ ಮುದ್ದೆ ಮೆತ್ತುತ್ತಿತ್ತು. ನುಣ್ಣಗೆ, ತಣ್ಣಗೆ, ಗಟ್ಟಿಯಾಗಿ. ಗೀಜಪ್ಪನ ರೆಕ್ಕೆ ತಾನಾಗಿ ನಿಂತಿತು.

"ಬಾ ಗೀಜಪ್ಪಣ್ಣ," ಎಂದಿತು ಅಂಬರಗುಬ್ಬಿ. "ನಾನೇನೋ ಮಣ್ಣು ಮೆತ್ತಿಕೊಂಡೆ. ನಿನ್ನ ಹಾಗೆ ಗಂಟು ಹಾಕೋದು ನನ್ನ ಕೈಲಾಗಲ್ಲಪ್ಪ. ಎಷ್ಟು ಸಲ ನಿನ್ನ ಮರದ ಕೆಳಗೆ ನಿಂತು ನೋಡಿದೀನಿ ಗೊತ್ತಾ?"

ಅದು ಮನಸಾರೆ ಹೇಳಿದ ಮಾತು. ಆದರೆ ಕಿಚ್ಚು ಹತ್ತಿದ ಕಿವಿಗೆ ಹೊಗಳಿಕೆಯೂ ಹಂಗಿಸಿದಂತೆ ಕೇಳುತ್ತದೆ. 'ಮನೆ ಮುಗಿಸಿಕೊಂಡು ನನ್ನನ್ನು ಆಡಿಕೊಳ್ಳುತ್ತಾಳೆ,' ಅಂದುಕೊಂಡ ಗೀಜಪ್ಪ. ಆ ಗೂಡನ್ನು ಹಿಂದಿನಿಂದ ನೋಡಿದ, ಮುಂದಿನಿಂದ ನೋಡಿದ, ಇಂಥದ್ದು ನನಗಿಲ್ಲವಲ್ಲ ಎಂದು ಒಳಗೊಳಗೇ ಬೆಂದ. ಬಿಸಿಲು ವಾಲಿದ್ದು ಅವನಿಗೆ ತಿಳಿಯಲೇ ಇಲ್ಲ. ಕೊನೆಗೆ ಹೊಳೆಯ ಅಂಚಿಗೆ ಇಳಿದು, ಕೊಕ್ಕಿನ ತುಂಬ ಹಸಿ ಮಣ್ಣು ತುಂಬಿಕೊಂಡು ಹಾರಿದ.

ಹುಲ್ಲು ತರಲು ಹೋದವನು ಮಣ್ಣು ತಂದ.

ಬಂದವನೇ ಗೂಡಿನ ಒಳಗೋಡೆಗೆ ಆ ಮಣ್ಣಿನ ಉಂಡೆಯನ್ನು ಮೆತ್ತಿದ. "ನೋಡೇ, ನಮ್ಮ ಮನೆಗೂ ಮಣ್ಣಿನ ಗೋಡೆ!" ಎಂದ.

ಗೀಜವ್ವ ಬಳೆಯ ಮೇಲೆ ಕೂತು ಕೆಳಗೆ ನೀರನ್ನೇ ನೋಡುತ್ತಿದ್ದಳು.

"ಬೀಳುವಾಗ ನೋಡಿದೆ, ಗೀಜಪ್ಪಾ," ಹೊಳೆ ಮೆಲ್ಲಗೆ ಹೇಳಿತು. "ಬೆಳ್ಳಗಿತ್ತು. ಹಿಡಿಯೋಣ ಅಂದ್ರೆ ನನಗೆ ಕೈಯಿಲ್ಲ."

ಗೀಜಪ್ಪನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮೊಟ್ಟೆ ಬಂದಿತ್ತು. ಕೆಳಗೆ ತಳವಿರಲಿಲ್ಲ.

ಅವನು ಅತ್ತ, ಕೂಸೇ. ಹಕ್ಕಿಗಳು ಅಳುವುದು ನಮಗೆ ಕಾಣಿಸುವುದಿಲ್ಲ, ಅಷ್ಟೇ.

ಗೀಜವ್ವ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಎದ್ದು ಹಾರಿ, ಎಲ್ಲಕ್ಕಿಂತ ಮೊದಲು ಶುರುಮಾಡಿ ಬಿಟ್ಟಿದ್ದ ಗೂಡಿಗೆ ಹೋಗಿ ಕೂತಳು.

"ನಾಳೆ ಇನ್ನೊಂದು ಬರುತ್ತೆ," ಎಂದಳು. "ನಾನು ಇಲ್ಲೇ ಕೂತಿರ್ತೀನಿ. ಇದನ್ನ ಮುಗಿಸಿ."

"ಅದು ಹಳೇದು ಕಣೇ, ಒರಟು. ಆ ಮೇಲಿನದು ಇನ್ನೂ..."

"ನನ್ನ ಮೊಟ್ಟೆಗೆ ಒರಟು ನಾಜೂಕು ಗೊತ್ತಿಲ್ಲ. ನಾನು ಎಲ್ಲಿ ಕೂತಿದೀನೋ ಅದು ಮನೆ. ಮಿಕ್ಕಿದ್ದೆಲ್ಲ ಹುಲ್ಲು."

ಪಡುವಣ ದಿಕ್ಕಿನಲ್ಲಿ ಗುಡುಗಿನ ಸದ್ದಾಯಿತು. ಅದೇ ಮೊದಲ ಗುಡುಗು. ದೂರದಲ್ಲಿ ಗಾಳಿ ಮೋಡಗಳನ್ನು ಅಟ್ಟಿಕೊಂಡು ಬರುತ್ತಿತ್ತು.

ಗೀಜಪ್ಪ ಹುಲ್ಲು ತಂದ. ಸೀಳಿದ, ತೂರಿಸಿದ, ಗಂಟು ಹಾಕಿದ. ಮತ್ತೆ ತಂದ, ಮತ್ತೆ ಸೀಳಿದ, ಮತ್ತೆ ಗಂಟು ಹಾಕಿದ. ತಳ ಬಿತ್ತು. ಗೀಜವ್ವ ಅದನ್ನು ಎರಡು ಸಲ ಕಾಲಿನಿಂದ ಅದುಮಿ ನೋಡಿ, ಒಳಗೆ ಇಳಿದು ಕೂತಳು. ಮರುದಿನ ಬೆಳಗ್ಗೆ ಅಲ್ಲೇ ಮೊಟ್ಟೆ ಇಟ್ಟಳು. ಉಳಿದದ್ದು ಬಾಗಿಲೊಂದೇ. ಆಕಾಶ ಆಗಲೇ ಕಪ್ಪಾಗಿತ್ತು.

ಬಾಗಿಲನ್ನು ಪೂರ್ವಕ್ಕೆ ಇಡೋಣ ಎಂದು ಗೀಜಪ್ಪ ನೇಯತೊಡಗಿದ. ಪೂರ್ವಕ್ಕೆ ದರ್ಜಿ ಹಕ್ಕಿಯ ತೊಟ್ಟಿಲು ಕಂಡಿತು. ಹೊಟ್ಟೆಯೊಳಗೆ ಚುರ್. ಕೊಕ್ಕು ನಿಂತಿತು.

ಉತ್ತರಕ್ಕೆ ತಿರುಗಿಸಿದ. ಮರಕುಟಿಗನ ಗುಂಡು ಬಾಗಿಲು ಕಂಡಿತು. ಚುರ್. ಕೊಕ್ಕು ನಿಂತಿತು.

ದಕ್ಷಿಣಕ್ಕೆ ತಿರುಗಿಸಿದ. ಅಂಬರಗುಬ್ಬಿಯ ಬಂಡೆ. ಚುರ್.

ಒಂದು ಮೊಟ್ಟೆ ಹೋಗಿದೆ, ಇನ್ನೊಂದು ಒಳಗಿದೆ, ಮಳೆ ತಲೆಯ ಮೇಲಿದೆ. ಆದರೂ ಚುರ್! ಗೀಜಪ್ಪನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

"ಗೀಜೂ, ಇದು ಬಿಸಿಲಲ್ಲ ಕಣೇ," ಎಂದ. "ಹೊಟ್ಟೆಕಿಚ್ಚು."

"ಗೊತ್ತು," ಎಂದಳು ಅವಳು ಒಳಗಿನಿಂದ.

"ಹೋಗ್ತಾ ಇಲ್ಲ. ಯಾವ ಕಡೆ ತಿರುಗಿದ್ರೂ ಯಾರದೋ ಮನೆ ಕಾಣ್ಸುತ್ತೆ."

"ಕಾಣದ ಕಡೆ ತಿರುಗಿ ಮತ್ತೆ."

ಗೀಜಪ್ಪ ಪಡುವಣಕ್ಕೆ ನೋಡಿದ. ಅಲ್ಲಿಂದ ಗಾಳಿ ಬರುತ್ತಿತ್ತು. ಮೇಲೆ ನೋಡಿದ. ಅಲ್ಲಿ ಮೋಡ. ಕೆಳಗೆ ನೋಡಿದ. ಕೆಳಗೆ ಯಾರ ಮನೆಯೂ ಇರಲಿಲ್ಲ. ಹೊಳೆಯ ನೀರು ಮಾತ್ರ ಇತ್ತು, ಅವನ ಮೊಟ್ಟೆ ಬಿದ್ದ ನೀರು.

ಅವನು ತಲೆಕೆಳಗಾಗಿ ಜೋತುಬಿದ್ದ. ನೀರಿನ ಕಡೆಗೇ ಮುಖ ಮಾಡಿ ನೇಯತೊಡಗಿದ. ಚುರ್ ಅನ್ನಲಿಲ್ಲ. ಕೊಕ್ಕು ನಿಲ್ಲಲಿಲ್ಲ. ಉದ್ದನೆಯ ತೋಳಿನಂಥ ಬಾಗಿಲು ಕೆಳಗೆ ಕೆಳಗೆ ಇಳಿಯುತ್ತ ಹೋಯಿತು. ಮೊದಲ ಹನಿ ಅವನ ಬೆನ್ನಿಗೆ ಬಿತ್ತು. ಎರಡನೆಯದು ನೆತ್ತಿಗೆ ಬಿತ್ತು. "ಬಂದೆ!" ಎಂದು ಗಾಳಿ ಕೂಗಿತು. "ಬಾರಣ್ಣ," ಎಂದ ಗೀಜಪ್ಪ, ಕೊನೆಯ ಗಂಟನ್ನು ಜಗ್ಗುತ್ತ.

ಲೋಕದ ಮೊದಲ ಮಳೆ ಸುರಿಯಿತು. ಈಚಲ ಮರ ತೊನೆಯಿತು. ಅರ್ಧ ಗೂಡುಗಳೆಲ್ಲ ನೆನೆದು ತೊಪ್ಪೆಯಾದವು. ಮುಗಿದ ಗೂಡು ಮಾತ್ರ ತೂಗಿತು, ಸೋರಲಿಲ್ಲ. ಗೀಜಪ್ಪ ಬಾಗಿಲ ತುದಿಗೆ ಜೋತು ಒದ್ದೆಯಾಗುತ್ತ ಕಿವಿಗೊಟ್ಟ. ಕೆಲವು ದಿನದ ಮೇಲೆ ಒಳಗಿನಿಂದ 'ಚೀ' ಅಂತ ಒಂದು ಸಣ್ಣ ದನಿ ಬಂತು.

ಹೊಟ್ಟೆಕಿಚ್ಚು ಹೋಯಿತೇ ಅಂತ ಕೇಳುತ್ತೀಯಾ? ಎಲ್ಲಿ ಹೋಗುತ್ತದೆ! ಮಳೆ ನಿಂತ ಮೇಲೆ ನೆತ್ತಿಯ ಹಳದಿ ಮಾಸಿತು. ಮುಂದಿನ ವರ್ಷ ಹೊಂಗೆ ಹೂ ಉದುರುವಾಗ ಮತ್ತೆ ಬಂತು. ಮತ್ತೆ ಅವನು ಒಂದು ಬಿಟ್ಟು ಇನ್ನೊಂದು ಶುರುಮಾಡಿದ. ಆದರೆ ಗೀಜವ್ವ ಬಂದು ಒಂದು ಗೂಡಿನಲ್ಲಿ ಕೂತು "ಇದು" ಎಂದ ಮೇಲೆ ಮಾತ್ರ ಅವನು ಮಿಕ್ಕವುಗಳ ಕಡೆ ತಿರುಗಿಯೂ ನೋಡಲಿಲ್ಲ.

ಅದಕ್ಕೇ ಕೂಸೇ, ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಈಚಲ ಮರದ ಹತ್ತಿರ ಹೋದರೆ ಹಳದಿ ನೆತ್ತಿಯ ಗೀಜಗ ನಿನಗೆ ಕಾಣಿಸುತ್ತದೆ, ತಳವಿಲ್ಲದ ಗೂಡುಗಳು ಕಾಣಿಸುತ್ತವೆ, ಅವುಗಳ ಒಳಗೆ ಒಣಗಿದ ಮಣ್ಣಿನ ಉಂಡೆಯೂ ಕಾಣಿಸುತ್ತದೆ. ಆದರೆ ಮರಿಗಳಿರುವ ಗೂಡಿನ ಬಾಗಿಲು ಮಾತ್ರ, ಪಕ್ಕದ ಮನೆ ಕಣ್ಣಿಗೆ ಬೀಳದ ಹಾಗೆ, ಇವತ್ತಿಗೂ ಕೆಳಗೆ ನೀರನ್ನೇ ನೋಡುತ್ತಿರುತ್ತದೆ.