ಕಡಲಿಗೆ ಬೆನ್ನು ಮಾಡಿದ ನದಿ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಹಡಗಿನಲ್ಲಿ ಅಡುಗೆ ಮಾಡಿಕೊಂಡು ಆಸ್ಟ್ರೇಲಿಯಾ ಕಂಡು ಬಂದಿದ್ದ ನಮ್ಮ ಸೋದರಮಾವ, ಅಂಕೋಲೆಯ ವಿಠೋಬ ಮಾವ.

ಭಗವಂತ ಲೋಕ ಮಾಡಿ ಮುಗಿಸಿದ ಹೊಸತು. ಬೆಟ್ಟಗಳ ಮಣ್ಣು ಇನ್ನೂ ಹಸಿ. "ಹೊತ್ತು ಮುಳುಗುವುದರೊಳಗೆ ನದಿಗಳೆಲ್ಲ ದಾರಿ ಹಿಡಿಯಿರಿ. ಆಮೇಲೆ ಮಣ್ಣು ಕಲ್ಲಾಗುತ್ತದೆ" ಎಂದು ಅಪ್ಪಣೆಯಾಗಿತ್ತು.

ಆಸ್ಟ್ರೇಲಿಯಾದ ಹಿಮದ ಬೆಟ್ಟದಲ್ಲಿ ಹುಟ್ಟಿದ ಒಬ್ಬ ನದಿ ಮೂಡಣ ಕಡಲಿನತ್ತ ಓಡಿದಳು. ಕಡಲು ಕಣ್ಣಿಗೆ ಕಾಣುವಷ್ಟು ಹತ್ತಿರ. "ಬಾ ಮಗಳೇ, ಬೇಗ ಬಾ" ಎಂದು ಕರೆಯುತ್ತಲೇ ಇತ್ತು.

ಎರಡೂ ಕಡೆ ಬೆಟ್ಟ, ನಡುವೆ ಒಂದೇ ಒಂದು ಮಣ್ಣಿನ ದಿಬ್ಬ. ದಿಬ್ಬದಲ್ಲೊಂದು ಬಿಲ. ಬಿಲದ ಬಾಯಿಗೆ ಹಿಂಭಾಗ ಒತ್ತಿಕೊಂಡು ವೊಂಬ್ಯಾಟ್ ತಾಯಿ ಕೂತಿದ್ದಳು. ವೊಂಬ್ಯಾಟ್ ಎಂದರೆ ಕರಡಿಮರಿಯ ಹಾಗೆ ದುಂಡಗಿನ ಪ್ರಾಣಿ. ಅಪಾಯ ಬಂದರೆ ಬೆನ್ನಿನಿಂದಲೇ ಬಾಗಿಲು ಹಾಕುವುದು ಅವರ ಕುಲದ ಪದ್ಧತಿ.

"ಯಾರಮ್ಮ ಅಡ್ಡ ಕೂತಿರೋದು? ಏಳು!" ಎಂದಳು ನದಿ.

"ಒಳಗೆ ಮಗು ಇದೆ ತಂಗೀ. ಹೊಟ್ಟೆಯ ಚೀಲದಿಂದ ಇಳಿದು ಮೂರೇ ದಿನ. ಬಳಸಿಕೊಂಡು ಹೋಗು."

"ಮುಖ ತೋರಿಸಿ ಮಾತಾಡೋ ಮರ್ಯಾದೆ ಇಲ್ವಾ?"

"ಮುಖ ತಿರುಗಿಸಿದರೆ ನೀನು ಒಳಗೆ ಬರ್ತೀಯ. ಹೇಳೋದನ್ನ ಬೆನ್ನಿಗೇ ಹೇಳು."

ನದಿ ಸಿಟ್ಟಿನಿಂದ ನೂಕಿದಳು. ದಿಬ್ಬ ನಡುಗಿತು, ಬೆನ್ನು ಕದಲಲಿಲ್ಲ. ಮತ್ತೆ ನೂಕಿದಳು. ಬೆನ್ನಿನ ಪಕ್ಕದಲ್ಲಿ ಒಂದು ಸಣ್ಣ ಬಿರುಕು ಬಿಟ್ಟಿತು.

ಸೂರ್ಯ ಗೇಣುದ್ದ ಉಳಿದಿದ್ದ. "ಇನ್ನೊಂದೇ ಸಲ! ನುಗ್ಗು!" ಎಂದು ಗಾಳಿ ಕೂಗಿತು. ನದಿ ಮೈಯೆಲ್ಲ ಒಟ್ಟುಮಾಡಿಕೊಂಡು ಎದ್ದು ನಿಂತಳು.

ಆಗ ಬಿಲದೊಳಗಿಂದ ಸಣ್ಣ ದನಿ ಬಂತು: "ಅವ್ವಾ, ಕಾಲು ಒದ್ದೆಯಾಯ್ತು."

ತಾಯಿ ಬಿರುಕಿನ ಮೇಲೂ ಬೆನ್ನು ಸರಿಸಿ ಇನ್ನಷ್ಟು ಒತ್ತಿ ಕೂತಳು.

ನದಿ ಇಳಿದಳು. ಹಿಂದೆ ಸರಿದು ಬೆಟ್ಟವನ್ನು ಬಳಸತೊಡಗಿದಳು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಹೊತ್ತು ಮುಳುಗಿತು, ಮಣ್ಣು ಕಲ್ಲಾಯಿತು. ಅವಳಿಗೆ ಉಳಿದದ್ದು ಪಡುವಣದ ಇಳಿಜಾರು, ಅದರಾಚೆ ಒಣ ಬಯಲು.

"ಮಗಳೇ, ಒಮ್ಮೆ ತಿರುಗಿ ನೋಡೇ!" ಎಂದಿತು ಕಡಲು.

"ನೋಡಿದರೆ ಓಡಿ ಬಂದುಬಿಡ್ತೀನಿ, ಅವ್ವಾ" ಎಂದಳು ನದಿ. ವೊಂಬ್ಯಾಟ್ ತಾಯಿಯ ಹಾಗೆಯೇ ಬೆನ್ನು ಮಾಡಿ ನಡೆದಳು. ಬಯಲಿನಲ್ಲಿ ಬಾಯಾರಿ ತುಟಿ ಒಡೆದಿದ್ದ ಕಾಂಗರೂಗಳು ನೀರಿನ ಸದ್ದಿಗೆ ಕಿವಿ ನಿಮಿರಿಸಿದವು.

ಅದಕ್ಕೇ ಇಂದಿಗೂ ಆ ನದಿ ಕಡಲ ಪಕ್ಕದಲ್ಲೇ ಹುಟ್ಟಿ, ಕುದುರೆಲಾಳದ ಹಾಗೆ ಬಾಗಿ, ದೂರದ ಬಯಲಿಗೆ ಹೋಗುತ್ತಾಳೆ. ನಿಮ್ಮ ಮಕ್ಕಳು ಆಸ್ಟ್ರೇಲಿಯಾದ ಭೂಪಟ ಬಿಚ್ಚಿದ ದಿನ, ಆ ತಿರುವಿನ ಮೇಲೆ ಅವರ ಬೆರಳಿಡಿಸಿ, ದಯವಿಟ್ಟು ಈ ಕಥೆ ಹೇಳಿ.