ಸವೆದ ಗೊರಸು

ಕಾಡಿನ ಮುದಿ ಪ್ರಾಣಿಗಳಿಗೆ ದಿನಾ ಒಂದು ಹಿಡಿ ಹುಲ್ಲು ಕೊಡುವ ಕಟ್ಟಳೆ ಹುಟ್ಟಿದ್ದು ಈಗಿನ ಸಿಂಹರಾಜನ ಅಜ್ಜನ ಕಾಲದಲ್ಲಿ. ಆಗ ಅದು ಗಂಡುಗಳಿಗೆ ಮಾತ್ರ ಇತ್ತು. ಅಪ್ಪನ ಕಾಲದಲ್ಲಿ ಹೆಣ್ಣುಗಳಿಗೂ ಬಂತು, ಈಗಿನ ರಾಜನ ಕಾಲದಲ್ಲಿ ಒಂದು ಹಿಡಿ ಎರಡಾಯಿತು. ಪ್ರತಿ ಸಲವೂ ಆ ಸಂಗತಿಯನ್ನು ಕಲ್ಲಿನಲ್ಲಿ ಕೆತ್ತಿಸಿ ಗುಡ್ಡದ ಮೇಲೆ ನೆಟ್ಟರು. ಮೊದಲ ಕಲ್ಲನ್ನು ಹೊನ್ನಿ ಎಂಬ ಕತ್ತೆಯ ಅವ್ವ ಹೊತ್ತಿದ್ದಳು. ಉಳಿದವನ್ನೆಲ್ಲ ಹೊನ್ನಿಯೇ ಹೊತ್ತಳು.

ಈಗ ಹೊನ್ನಿಗೂ ಮುಪ್ಪು ಬಂದಿತ್ತು. ಅಲೆದು ಮೇಯುವ ಶಕ್ತಿಯಿಲ್ಲದೆ ಹುಲ್ಲು ಹಂಚುವ ಕೊಟ್ಟಿಗೆಗೆ ಬಂದಳು. ಬದುಕಿದ್ದೇನೆಂದು ತೋರಿಸಲು ಅಲ್ಲಿ ಹಸಿ ಮಣ್ಣಿನಲ್ಲಿ ಗೊರಸು ಒತ್ತಬೇಕು. ಹೊನ್ನಿ ಒತ್ತಿದಳು. ಗುರುತು ಮೂಡಲಿಲ್ಲ.

"ನೀನು ಸತ್ತಿದ್ದೀಯ, ಅಜ್ಜಿ," ಎಂದಿತು ಕಾವಲಿನ ನರಿ.

"ಹಾಗಾದರೆ ನಿಮ್ಮ ಹತ್ತಿರ ಮಾತಾಡುತ್ತಿರುವುದು ಯಾರು, ಸ್ವಾಮಿ?"

"ಮಾತು ಯಾರು ಬೇಕಾದರೂ ಆಡಬಹುದು. ಮಣ್ಣು ಒಪ್ಪಬೇಕು."

"ನಿಮ್ಮ ಕಲ್ಲು ಹೊತ್ತು ಹೊತ್ತೇ ಗೊರಸು ಸವೆದದ್ದು."

ನರಿಗೆ ಪಾಪ ಅನ್ನಿಸಿತು. "ಗೊರಸು ಸವೆದವರಿಗೂ ಕೊಡಬೇಕೆಂದು ಹೊಸ ಕಟ್ಟಳೆ ಆಗಿದೆ. ಅದರ ಕಲ್ಲು ಗುಡ್ಡ ಹತ್ತಿದ ದಿನದಿಂದ ಜಾರಿ. ಕೆತ್ತಿ ಇಲ್ಲೇ ಇಟ್ಟಾಗಿದೆ, ಹೊರುವವರೇ ಸಿಕ್ಕಿಲ್ಲ. ಇದೊಂದು ಸಲ ನೀನೇ..."

ಹೊನ್ನಿ ಕಲ್ಲನ್ನು ನೋಡಿದಳು, ಗುಡ್ಡವನ್ನು ನೋಡಿದಳು. ಆಮೇಲೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಮಲಗಿಬಿಟ್ಟಳು.

"ಏಳಜ್ಜಿ, ದಾರಿ ಬಿಡು," ಎಂದಿತು ನರಿ.

"ಸತ್ತವರು ಏಳುವುದಿಲ್ಲ, ಸ್ವಾಮಿ," ಎಂದಳು ಹೊನ್ನಿ, ಕಣ್ಣು ಮುಚ್ಚಿಕೊಂಡೇ. "ಅವರನ್ನು ಹೊರಬೇಕು. ಯಾರು ಹೊರುತ್ತಾರೋ ನೋಡಿ."