ಗೂಟದ ಮೇಲಿನ ರುಮಾಲು

"ಗುರುಗಳೇ, ಮನುಷ್ಯರಿಗೆಲ್ಲ ಹಕ್ಕುಂಟು ಎಂದು ಹೇಳಿಯಾಯಿತು. ಮತ್ತೆ ಹೆಂಗಸರಿಗೂ ಉಂಟು ಎಂದು ಬೇರೆಯಾಗಿ ಯಾಕೆ ಹೇಳಬೇಕು? ಎಲ್ಲರೂ ಅಂದಮೇಲೆ ಅವರೂ ಬಂದರಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಕತೆ ಹೇಳಿದರು.

ಒಂದು ಊರಲ್ಲಿ ಕೆರೆಯ ನೀರು ಎಲ್ಲರದು. ಹಾಗೆಂದು ತೂಬಿನ ಕಲ್ಲಿನ ಮೇಲೇ ಕೆತ್ತಿದ್ದರು. ಸರದಿ ಬಂದವರು ಗದ್ದೆಯ ಬದುವಿನ ಗೂಟಕ್ಕೆ ತಮ್ಮ ತಲೆಯ ರುಮಾಲು ಸುತ್ತಬೇಕು. ನೀರಗಂಟಿ ದೂರದಿಂದ ಅದನ್ನು ಕಂಡು ಆ ಗದ್ದೆಗೆ ನೀರು ಬಿಡುತ್ತಿದ್ದ.

ಆ ಊರಲ್ಲಿ ಒಬ್ಬ ಹೆಂಗಸು. ಗಂಡ ತೀರಿಕೊಂಡಿದ್ದ, ಮಕ್ಕಳಿಲ್ಲ. ಇದ್ದದ್ದು ಒಂದೇ ಗದ್ದೆ. ಅವಳೇ ಉತ್ತಳು, ಅವಳೇ ನಾಟಿ ಹಾಕಿದಳು. ಸರದಿಯ ದಿನ ಗೂಟದ ಪಕ್ಕ ನಿಂತಳು. ಸಂಜೆಯವರೆಗೂ ನಿಂತಳು. ನೀರು ಪಕ್ಕದ ಗದ್ದೆಗೆ ಹೋಯಿತು.

ತೂಬಿನ ಹತ್ತಿರ ಹೋಗಿ ಕೇಳಿದಳು. ನೀರಗಂಟಿ ಒಳ್ಳೆಯವನೇ. "ಬೇಡ ಅಂದೋರು ಯಾರವ್ವ? ಕೆರೆ ನಿಂದೂ ಹೌದು. ಗೂಟದಲ್ಲಿ ಗುರುತು ಕಾಣಲಿ, ಬಿಡ್ತೀನಿ" ಎಂದ.

ಮುಂದಿನ ಸರದಿಗೆ ಅವಳು ತನ್ನ ಸೀರೆಯನ್ನು ಗೂಟಕ್ಕೆ ಸುತ್ತಿದಳು. ನೀರಗಂಟಿ ಓಡೋಡಿ ಬಂದ. ಸೀರೆ ಬಿಚ್ಚಿದ, ಕೊಡವಿದ, ಅಂದವಾಗಿ ಮಡಿಸಿ ಅವಳ ಕೈಗಿತ್ತ.

"ಗಾಳಿಗೆ ಹಾರಿ ಬಂದಿತ್ತು ನೋಡವ್ವ."

"ಹಾರಿ ಬಂದದ್ದಲ್ಲಣ್ಣ. ನಾನೇ ಕಟ್ಟಿದ್ದು."

"ಇಲ್ಲಿ ಯಾಕವ್ವ ಒಣಹಾಕ್ತೀಯ? ಮನೆ ಮುಂದೆ ಹಗ್ಗ ಇಲ್ವಾ?" ಎಂದು ನಕ್ಕು ಹೊರಟುಹೋದ.

ಪೈರು ಹಳದಿಗೆ ತಿರುಗಿತು. ಇನ್ನೊಂದು ಸರದಿ ತಪ್ಪಿದರೆ ಆ ವರ್ಷ ಅವಳ ಒಲೆಗೆ ಕೆಲಸವಿಲ್ಲ. ಮನೆಗೆ ಬಂದು ಗಂಡನ ರುಮಾಲನ್ನು ಮೊಳೆಯಿಂದ ಇಳಿಸಿದಳು. ಅದಕ್ಕೆ ಇನ್ನೂ ಅವನ ತಲೆಯೆಣ್ಣೆಯ ವಾಸನೆ. ಸರದಿಯ ದಿನ ಅದನ್ನೇ ಗೂಟಕ್ಕೆ ಸುತ್ತಿ ಪಕ್ಕದಲ್ಲಿ ನಿಂತಳು.

ಆ ಗಂಡನ ಚಟ್ಟಕ್ಕೆ ಹೆಗಲು ಕೊಟ್ಟವನೇ ನೀರಗಂಟಿ. ಆದರೂ ರುಮಾಲು ಕಂಡದ್ದೇ ತಡ, "ಬಂದ್ಯಾ ಯಜಮಾನ" ಎಂದು ಗೂಟದ ಕಡೆಗೆ ಕೈ ಬೀಸಿ ನೀರು ತಿರುಗಿಸಿದ. ಗದ್ದೆ ತುಂಬಿತು. ದಾರಿಯಲ್ಲಿ ಹೋಗುವವರು, "ನಿನ್ನ ಗಂಡ ಪುಣ್ಯವಂತ ಕಣೆ, ಹೋದಮೇಲೂ ಗದ್ದೆ ನೋಡ್ಕೋತಾನೆ" ಎಂದರು. ಅವಳನ್ನು ಮಾತ್ರ ಯಾರೂ 'ಬಂದ್ಯಾ' ಎಂದು ಕೇಳಲಿಲ್ಲ.

ಶಿಷ್ಯ ಉಸಿರು ಬಿಟ್ಟು, "ಅಂತೂ ನೀರು ಬಂತಲ್ಲ, ಗುರುಗಳೇ" ಎಂದ.

"ಬಂತಪ್ಪ, ಸತ್ತವನ ಪಾಲಿಗೆ ಬಂತು, ಬದುಕಿರುವವಳು ಇನ್ನೂ ಗೂಟದ ಪಕ್ಕದಲ್ಲೇ ನಿಂತಿದ್ದಾಳೆ."